ಚೆರ್ನೋಬಿಲ್ ಝೋನ್‌ನ ಪಾಳು ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

2019ರ ಅಕ್ಟೋಬರ್‌ನಲ್ಲಿ ನಾನು ಎರಡು ದಿನ ಉಕ್ರೇನಿನ ಚೆರ್ನೋಬಿಲ್ ನಿಷೇಧಿತ ವಲಯದಲ್ಲಿದ್ದೆ. 1986ರಲ್ಲಿ ಅಲ್ಲಿನ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾದ ಮೇಲೆ ಜನರನ್ನು ಖಾಲಿ ಮಾಡಿಸಿದ ಜಾಗ ಅದು. ಅಲ್ಲಿನವರು ಅದನ್ನು ಬರೀ 'ಝೋನ್' ಅನ್ನುತ್ತಾರೆ. ವಾಪಸ್ ಬಂದಾಗಿನಿಂದ ಮದುವೆ ಮನೆಯಲ್ಲಿ, ಆಫೀಸ್ ಕ್ಯಾಂಟೀನ್‌ನಲ್ಲಿ, ರೈಲಿನಲ್ಲಿ ಜನ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಒಂದೇ ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಆರಾಮ.

ಈಗ ಹೋಗಬಹುದಾ?

ಆಗಲ್ಲ. 2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಬೆಲಾರುಸ್ ಕಡೆಯಿಂದ ಉಕ್ರೇನಿಗೆ ನುಗ್ಗಿದಾಗ ಮೊದಲ ದಿನವೇ ಝೋನ್ ಅವರ ಕೈಗೆ ಹೋಯಿತು. ಮಾರ್ಚ್ 31ರ ಹೊತ್ತಿಗೆ ಅವರು ಬಿಟ್ಟು ಹೋದರು. ಹೋಗುವಾಗ ನೆಲಬಾಂಬುಗಳನ್ನು ಹಾಗೇ ಬಿಟ್ಟು ಹೋದರು. ಅಂದಿನಿಂದ ಪ್ರವಾಸಿಗರಿಗೆ ಬಾಗಿಲು ಮುಚ್ಚಿದೆ. ಗಡಿಗೆ ಅಂಟಿಕೊಂಡ ಜಾಗ ಅದು, ಈಗ ಪೂರ್ತಿ ಮಿಲಿಟರಿ ಪ್ರದೇಶ. ಯಾರಾದರೂ "ನಮಗೆ ಒಳಗಿನವರು ಗೊತ್ತು, ಕರ್ಕೊಂಡು ಹೋಗ್ತೀವಿ" ಅಂದರೆ ದುಡ್ಡು ಕೊಡಬೇಡಿ. ಕೆಳಗೆ ನಾನು ಬರೆದಿರುವುದೆಲ್ಲ ಯುದ್ಧಕ್ಕೆ ಮುಂಚಿನ ಮಾತು.

ಅಲ್ಲಿ ಆಗಿದ್ದೇನು? ಚುಟುಕಾಗಿ ಹೇಳಿ.

1986ರ ಏಪ್ರಿಲ್ 26, ರಾತ್ರಿ 1 ಗಂಟೆ 23 ನಿಮಿಷ. 4ನೇ ರಿಯಾಕ್ಟರ್‌ನಲ್ಲಿ ಒಂದು ಸುರಕ್ಷತಾ ಪರೀಕ್ಷೆ ನಡೆಯುತ್ತಿತ್ತು. ಕರೆಂಟ್ ಹೋದರೆ ತಿರುಗುತ್ತಿರುವ ಟರ್ಬೈನಿನ ಉಳಿದ ಓಟದಲ್ಲೇ ಪಂಪುಗಳನ್ನು ಸ್ವಲ್ಪ ಹೊತ್ತು ನಡೆಸಬಹುದಾ ಅಂತ ನೋಡುವ ಪರೀಕ್ಷೆ. ರಿಯಾಕ್ಟರಿನ ಶಕ್ತಿ ಬೇಕಾದ್ದಕ್ಕಿಂತ ತುಂಬ ಕೆಳಗೆ ಬಿತ್ತು. ಮೇಲೆತ್ತಲು, ಅಣುಕ್ರಿಯೆಯನ್ನು ಹಿಡಿತದಲ್ಲಿಡುವ ನಿಯಂತ್ರಣ ರಾಡುಗಳನ್ನು ಹೆಚ್ಚುಕಮ್ಮಿ ಎಲ್ಲವನ್ನೂ ಹೊರಗೆಳೆದರು. ಕೊನೆಗೆ ಎಲ್ಲ ನಿಲ್ಲಿಸುವ ಬಟನ್ ಒತ್ತಿದರು. ಆ ರಾಡುಗಳ ತುದಿಯಲ್ಲಿದ್ದದ್ದು ಗ್ರಾಫೈಟ್. ಒಳಗೆ ಇಳಿದ ಮೊದಲ ಕೆಲವು ಸೆಕೆಂಡ್ ಅದು ಶಕ್ತಿಯನ್ನು ತಗ್ಗಿಸುವ ಬದಲು ಏರಿಸಿತು. ಬ್ರೇಕ್ ಒತ್ತಿದರೆ ಆಕ್ಸಿಲರೇಟರ್ ಆದ ಹಾಗೆ. ಛಾವಣಿ ಹಾರಿಹೋಯಿತು, ಹತ್ತು ದಿನ ಬೆಂಕಿ ಉರಿಯಿತು.

ಚೆರ್ನೋಬಿಲ್, ಪ್ರಿಪ್ಯಾತ್ ಎರಡೂ ಒಂದೇನಾ?

ಬೇರೆ ಬೇರೆ. ಚೆರ್ನೋಬಿಲ್ ನೂರಾರು ವರ್ಷದ ಹಳೆಯ ಪುಟ್ಟ ಪಟ್ಟಣ, ಸ್ಥಾವರದಿಂದ ಸುಮಾರು 15 ಕಿ.ಮೀ. ದೂರ. ಉಕ್ರೇನಿನವರು 'ಚೊರ್ನೊಬಿಲ್' ಅನ್ನುತ್ತಾರೆ. ಅದು ಒಂದು ಗಿಡದ ಹೆಸರು. ಯಾವ ಗಿಡ ಗೊತ್ತಾ? ಗಣಪತಿ ಪೂಜೆಗೆ ನಾವು ತರುವ ಮಾಚಿಪತ್ರೆಯ ಜಾತಿಯದು. ರಸ್ತೆ ಬದಿಯಲ್ಲಿ ಗೈಡ್ ಒಂದು ಗಿಡ ತೋರಿಸಿದಾಗ ಎಲೆ ನೋಡಿ ನನಗೆ ಚೌತಿ ಹಬ್ಬದ ಮಾರ್ಕೆಟ್ ನೆನಪಾಯಿತು. ಕಿತ್ತು ಮೂಸಿ ನೋಡುವ ಹಾಗಿರಲಿಲ್ಲ, ಅಷ್ಟೇ.

ಪ್ರಿಪ್ಯಾತ್ ಆಗ ಹೊಸ ಊರು. 1970ರಲ್ಲಿ ಸ್ಥಾವರದ ಕೆಲಸಗಾರರಿಗೆಂದೇ ಕಟ್ಟಿದ್ದು. ಸ್ಥಾವರದಿಂದ ಬರೀ ಮೂರು ಕಿ.ಮೀ. ಸುಮಾರು 49,000 ಜನ ಇದ್ದರು, ಹೆಚ್ಚಿನವರು ಚಿಕ್ಕ ವಯಸ್ಸಿನ ದಂಪತಿಗಳು, ಮಕ್ಕಳು. ಫೋಟೋಗಳಲ್ಲಿ ನೀವು ನೋಡುವ ಪಾಳು ಊರು ಇದೇ.

ಝೋನ್ ಎಷ್ಟು ದೊಡ್ಡದು?

ಮೊದಲು ಸ್ಥಾವರದ ಸುತ್ತ 30 ಕಿ.ಮೀ. ವೃತ್ತ ಎಳೆದರು. ಆಮೇಲೆ ಮಾಲಿನ್ಯ ಎಲ್ಲೆಲ್ಲಿ ಬಿದ್ದಿದೆಯೋ ನೋಡಿ ಗೆರೆ ಬದಲಾಯಿತು. ಈಗ ಉಕ್ರೇನ್ ಕಡೆ ಸುಮಾರು 2,600 ಚದರ ಕಿ.ಮೀ. ಗಡಿಯಾಚೆ ಬೆಲಾರುಸ್‌ನಲ್ಲೂ ಇಂಥದ್ದೇ ಒಂದು ಮೀಸಲು ಪ್ರದೇಶವಿದೆ. ಕೀವ್‌ನಿಂದ ಬಸ್ಸಿನಲ್ಲಿ ಎರಡು ಗಂಟೆ ಉತ್ತರಕ್ಕೆ ಹೋದರೆ ದಿತ್ಯಾತ್ಕಿ ಅನ್ನುವ ಚೆಕ್‌ಪೋಸ್ಟ್ ಸಿಗುತ್ತದೆ. ಮೊದಲೇ ಕೊಟ್ಟ ಪಾಸ್‌ಪೋರ್ಟ್ ನಂಬರಿಗೂ ಕೈಯಲ್ಲಿರುವ ಪಾಸ್‌ಪೋರ್ಟಿಗೂ ತಾಳೆಯಾದರೆ ಮಾತ್ರ ಒಳಗೆ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಹೊಸ ಪಾಸ್‌ಪೋರ್ಟ್ ತಂದಿದ್ದರು, ಪಟ್ಟಿಯಲ್ಲಿ ಹಳೆಯದರ ನಂಬರ್. ಪಾಪ, ಅಲ್ಲಿಂದಲೇ ವಾಪಸ್.

ಹೋದರೆ ಕ್ಯಾನ್ಸರ್ ಬರಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಮ್ಮ ಮಾವ ಅಂತೂ ಮೂರು ಸಲ ಕೇಳಿದ್ದಾರೆ.

ರೇಡಿಯೇಷನ್ನಿನಲ್ಲಿ ಎರಡು ಲೆಕ್ಕ. ಆ ಜಾಗದಲ್ಲಿ ಗಂಟೆಗೆ ಎಷ್ಟಿದೆ, ಮತ್ತು ನೀವು ಎಷ್ಟು ಹೊತ್ತು ನಿಂತಿರಿ. ಬಿಸಿಲಿನ ಹಾಗೆ. ಅಂಗಳದಲ್ಲಿ ಐದು ನಿಮಿಷ ನಿಂತವನಿಗೂ ಇಡೀ ದಿನ ಗದ್ದೆಯಲ್ಲಿ ದುಡಿದವನಿಗೂ ವ್ಯತ್ಯಾಸ ಇದೆ, ಅಲ್ವಾ?

ಸಾಮಾನ್ಯ ಊರುಗಳಲ್ಲಿ ಗಂಟೆಗೆ 0.1ರಿಂದ 0.2 ಮೈಕ್ರೋಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ) ಇರುತ್ತದೆ. ಪ್ರಿಪ್ಯಾತ್‌ನ ಡಾಂಬರು ರಸ್ತೆಯ ಮೇಲೆ ನನ್ನ ಮೀಟರ್ 0.6 ತೋರಿಸಿತು. ವಿಮಾನ ಹತ್ತು ಕಿ.ಮೀ. ಎತ್ತರದಲ್ಲಿ ಹಾರುವಾಗ ಗಂಟೆಗೆ ಸುಮಾರು 2ರಿಂದ 5 ಇರುತ್ತದೆ, ಬಾಹ್ಯಾಕಾಶದಿಂದ ಬರುವ ಕಿರಣಗಳಿಂದ. ಅಂದರೆ ನಿಗದಿತ ದಾರಿಯಲ್ಲಿ ಒಂದು ದಿನ ಓಡಾಡಿದ್ದಕ್ಕಿಂತ, ಬೆಂಗಳೂರಿನಿಂದ ಯುರೋಪಿಗೆ ಹಾರಿದ್ದರಲ್ಲೇ ಜಾಸ್ತಿ ಡೋಸ್ ಸಿಕ್ಕಿತು. ಕೇರಳದ ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿನ ನೈಸರ್ಗಿಕ ವಿಕಿರಣವೂ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಜನ ತಲೆಮಾರುಗಳಿಂದ ಅಲ್ಲೇ ಇದ್ದಾರೆ.

ಹಾಗಂತ ಪೂರ್ತಿ ನಿಶ್ಚಿಂತೆ ಅಂತಲ್ಲ. ಹೊರಗಿನಿಂದ ಬೀಳುವುದು ಒಂದು, ಒಳಗೆ ಹೋಗುವುದು ಇನ್ನೊಂದು. ಧೂಳಿನ ಜೊತೆ ಸೀಸಿಯಂ, ಸ್ಟ್ರಾನ್ಷಿಯಂ, ಪ್ಲುಟೋನಿಯಂ ಥರದ ವಿಕಿರಣ ಸೂಸುವ ಕಣ ಶ್ವಾಸಕೋಶಕ್ಕೋ ಹೊಟ್ಟೆಗೋ ಸೇರಿದರೆ ಅದು ಅಲ್ಲೇ ಕೂತು ಕೆಲಸ ಮಾಡುತ್ತದೆ. ಅಲ್ಲಿನ ನಿಯಮಗಳೆಲ್ಲ ಹೆಚ್ಚಾಗಿ ಇದಕ್ಕೇ.

ವಿಕಿರಣ ಅಳೆಯುವ ಡೋಸಿಮೀಟರ್ ಒಯ್ಯಬೇಕಿತ್ತಾ?

ಬಾಡಿಗೆಗೆ ಸಿಗುತ್ತಿತ್ತು. ನನಗೆ ಟೂರ್‌ನವರು ಕೊಟ್ಟ ಹಳದಿ ಡಬ್ಬಿ ಮೊದಲ ದಿನ ಅರ್ಧಕ್ಕೇ ಸತ್ತುಹೋಯಿತು. ಬ್ಯಾಟರಿ ಹಾಕಿಕೊಡಿ ಅಂದರೆ "ನಾಳೆ" ಅಂದರು. ಬಾಡಿಗೆ ಮಾತ್ರ ಎರಡು ದಿನದ್ದು ಪೂರ್ತಿ ತಗೊಂಡರು. ನಾಳೆ ಅನ್ನುವುದು ಎಲ್ಲ ದೇಶದಲ್ಲೂ ಒಂದೇ ಥರ.

ಆದರೆ ಅದು ಬದುಕಿದ್ದ ಅರ್ಧ ದಿನದಲ್ಲಿ ಒಂದು ವಿಷಯ ಚೆನ್ನಾಗಿ ಕಲಿಸಿತು. ಪ್ರಿಪ್ಯಾತ್‌ನ ಪಾರ್ಕಿನಲ್ಲಿ ಡಾಂಬರು ಬಿರುಕುಬಿಟ್ಟ ಕಡೆ ಅಂಗೈ ಅಗಲದ ಹಸಿರು ಪಾಚಿ. ನೋಡಿದರೆ ಮಲೆನಾಡಿನ ಮಳೆಗಾಲದ ಕಲ್ಲುಗೋಡೆಯ ಮೇಲಿನ ಪಾಚಿಯೇ. ನಿಂತು ನೋಡಿದಾಗ 0.6. ಬಗ್ಗಿ ಮೀಟರನ್ನು ಪಾಚಿಯ ಮೇಲೆ ಹಿಡಿದೆ. ಟಿಕ್, ಟಿಕ್ ಅನ್ನುತ್ತಿದ್ದದ್ದು ಟಿರ್‌ರ್ ಅಂತ ಒಂದೇ ಸಮ ಕೂಗತೊಡಗಿತು. 6 ದಾಟಿತು. ಒಂದು ಮೊಳ ಆಚೆ ಸರಿದರೆ ಮತ್ತೆ ತಣ್ಣಗೆ. ಪಾಚಿ ಮಳೆನೀರಿನ ಜೊತೆ ಬಂದದ್ದನ್ನೆಲ್ಲ ಹೀರಿ ಹಿಡಿದುಕೊಳ್ಳುತ್ತದೆ, ಸೀಸಿಯಂ ಕೂಡ. ಇಡೀ ಝೋನ್ ಹೀಗೇ ಇದೆ. ಒಂದು ಹೆಜ್ಜೆ ಚೊಕ್ಕ, ಇನ್ನೊಂದು ಹೆಜ್ಜೆ ಕೊಳಕು. ಕಣ್ಣಿಗೆ, ಮೂಗಿಗೆ ಏನೂ ಗೊತ್ತಾಗಲ್ಲ.

ನಿಯಮಗಳು ಏನಿದ್ದವು?

ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು, ಮುಚ್ಚಿದ ಶೂ. ನೆಲದ ಮೇಲೆ ಕೂರಬಾರದು, ಬ್ಯಾಗ್ ಇಡಬಾರದು, ಟ್ರೈಪಾಡ್ ಸುಮ್ನೆ ಎಲ್ಲೆಂದರಲ್ಲಿ ಊರಬಾರದು. ಬಯಲಲ್ಲಿ ತಿನ್ನಬಾರದು. ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು. 18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಹೊರಗೆ ಬರುವಾಗ ಸೋವಿಯತ್ ಕಾಲದ ಒಂದು ಕಬ್ಬಿಣದ ಚೌಕಟ್ಟಿನೊಳಗೆ ನಿಂತು, ಎರಡೂ ಅಂಗೈಗಳನ್ನು ಪಕ್ಕದ ತಟ್ಟೆಗಳಿಗೆ ಒತ್ತಬೇಕು. ಹಸಿರು ದೀಪ ಬಂದರೆ ಹೋಗಬಹುದು. ಆ ಎರಡು ಸೆಕೆಂಡ್, ಪಿಯುಸಿ ರಿಸಲ್ಟ್ ನೋಡಿದ ಹಾಗಿರುತ್ತದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ನಗಬೇಡಿ, ಇದನ್ನು ಕೇಳದ ಕನ್ನಡಿಗರೇ ಇಲ್ಲ. ನಾವು ಉಂಡದ್ದು ಸ್ಥಾವರದ ಕೆಲಸಗಾರರ ಕ್ಯಾಂಟೀನಿನಲ್ಲಿ. ಸಾಮಗ್ರಿಯೆಲ್ಲ ಝೋನ್ ಹೊರಗಿನಿಂದ ಬರುತ್ತದೆ. ಎಲೆಕೋಸಿನ ಸಲಾಡ್, ಬ್ರೆಡ್, ಬೇಯಿಸಿದ ಹುರುಳಿ ಥರದ ಒಂದು ಕಾಳು, ಹಣ್ಣಿನ ಪಾನಕ. ಬೀಟ್‌ರೂಟ್ ಸಾರು ಕೆಂಪಗೆ ಚೆಂದ ಕಾಣುತ್ತದೆ, ಆದರೆ ಕೇಳಿ ಹಾಕಿಸಿಕೊಳ್ಳಿ, ತಳದಲ್ಲಿ ಮಾಂಸ ಇರುತ್ತದೆ. ನಾನು ಉಪ್ಪಿನಕಾಯಿ ಸ್ಯಾಷೆ ಒಯ್ದಿದ್ದೆ.

ಕಟ್ಟಡಗಳ ಒಳಗೆ ಹೋಗಬಹುದಿತ್ತಾ?

ಅಧಿಕೃತವಾಗಿ ಇಲ್ಲ. ಆದರೂ ಹೋಗುವವರು ಹೋಗುತ್ತಿದ್ದರು. ಅಲ್ಲಿ ನಿಜವಾದ ಅಪಾಯ ಏನು ಅಂದರೆ ನೆಲ. ಛಾವಣಿ ಸೋರಿ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ, ಮತ್ತೆ ಕರಗಿ, ವರ್ಷಾನುಗಟ್ಟಲೆ ಹೀಗೇ ಆಗಿ ಕಾಂಕ್ರೀಟ್ ಒಳಗೊಳಗೇ ಪುಡಿಯಾಗಿದೆ. ಶಾಲೆಯೊಂದರ ಒಂದು ಭಾಗ 2005ರಲ್ಲೇ ಕುಸಿದುಬಿತ್ತು. ಲಿಫ್ಟಿನ ಗುಂಡಿಗಳು ಬಾಯಿ ತೆರೆದುಕೊಂಡಿವೆ, ಮುಚ್ಚಳಗಳನ್ನು ಗುಜರಿಯವರು ಒಯ್ದಿದ್ದರಿಂದ ಮ್ಯಾನ್‌ಹೋಲ್‌ಗಳೂ ಹಾಗೆಯೇ. ಆ ಹುಲ್ಲಿನಲ್ಲಿ ಕಾಲಿಟ್ಟರೆ ರೇಡಿಯೇಷನ್ ಏನೂ ಮಾಡಬೇಕಾಗಿಲ್ಲ.

ಒಂದು ಜಾಗ ಮಾತ್ರ ಬೇರೆ ಲೆಕ್ಕ. ಪ್ರಿಪ್ಯಾತ್ ಆಸ್ಪತ್ರೆಯ ನೆಲಮಾಳಿಗೆ. ಆ ರಾತ್ರಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರನ್ನು ಇಲ್ಲಿಗೇ ತಂದರು. ಅವರ ಬಟ್ಟೆ, ಬೂಟುಗಳನ್ನು ಕಳಚಿ ಕೆಳಗೆ ಎಸೆದರು. ಅವು ದಶಕಗಳ ಮೇಲೂ ಅಲ್ಲೇ ಬಿದ್ದಿದ್ದವು, ಹತ್ತಿರ ಹೋಗಬಾರದಷ್ಟು ವಿಕಿರಣದ ಜೊತೆ. ಸ್ಥಾವರದ ಸಿಬ್ಬಂದಿ ಮತ್ತು ಈ ಬೆಂಕಿ ಆರಿಸುವವರಲ್ಲಿ 28 ಮಂದಿ ಮುಂದಿನ ಕೆಲವು ತಿಂಗಳಲ್ಲೇ ವಿಕಿರಣದ ಕಾಯಿಲೆಯಿಂದ ತೀರಿಕೊಂಡರು. ಆ ಬೂಟುಗಳ ಜೊತೆ ಸೆಲ್ಫಿ ತೆಗೆಯಲು ಇಳಿದವರಿದ್ದಾರೆ. ಅವರ ಬಗ್ಗೆ ನಾನೇನೂ ಹೇಳಲ್ಲ.

ಫೋಟೋಗಳಲ್ಲಿ ಗ್ಯಾಸ್ ಮಾಸ್ಕ್ ಹಾಕಿದ ಗೊಂಬೆ ಇರುತ್ತಲ್ಲ, ಅದು ನಿಜವಾ?

ಗೊಂಬೆ ನಿಜ, ಮಾಸ್ಕ್ ನಿಜ. ಒಂದರ ಮೇಲೊಂದು ಬಂದದ್ದು ಮಾತ್ರ ಯಾರೋ ಫೋಟೋಗ್ರಾಫರನ ಕೈಚಳಕ. ಶಾಲೆಯೊಂದರ ನೆಲದ ಮೇಲೆ ನೂರಾರು ಮಾಸ್ಕ್ ಹರಡಿ ಬಿದ್ದಿವೆ. ಅವು ಅಪಘಾತಕ್ಕೆ ಸಂಬಂಧಿಸಿದ್ದೇ ಅಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಶಾಲೆಗಳಲ್ಲಿ ಮಾಸ್ಕ್ ಹಾಕುವ ಕವಾಯತು ಮಾಮೂಲು, ಅದಕ್ಕೆ ಇಟ್ಟಿದ್ದ ದಾಸ್ತಾನು. ಆಮೇಲೆ ಬಂದ ಕಳ್ಳರು ಲೋಹಕ್ಕಾಗಿ ಪೆಟ್ಟಿಗೆ ಒಡೆದು ಚೆಲ್ಲಿದರು.

ಮಂಚದ ಮೇಲೆ ಚೆಂದಕ್ಕೆ ಕೂತ ಕರಡಿಗೊಂಬೆ, ಮೇಜಿನ ಮೇಲೆ ತೆರೆದಿಟ್ಟ ಪುಸ್ತಕ, ಕಿಟಕಿಯ ಬೆಳಕಿಗೆ ಸರಿಯಾಗಿ ಇಟ್ಟ ಒಂದು ಜೊತೆ ಪುಟ್ಟ ಬೂಟು. ಇವೆಲ್ಲ ಪ್ರವಾಸಿಗರ ಜೋಡಣೆ. ಜನ ಬಿಟ್ಟು ಹೋದ ಮನೆಗಳಿಂದ ಟಿವಿ, ಫ್ರಿಜ್, ಪಿಯಾನೊ, ಮನೆ ಬೆಚ್ಚಗಿಡುವ ಕೊಳವೆಗಳವರೆಗೆ ಕದಿಯಬಹುದಾದ್ದೆಲ್ಲ ಹೋಯಿತು. ಉಳಿದದ್ದನ್ನು ನಾವು ಬಂದು ನಾಟಕದ ಸೆಟ್ ಮಾಡಿದೆವು. ನನಗೆ ಅಲ್ಲಿ ಹೆಚ್ಚು ನಾಟಿದ್ದು ಯಾರೂ ಫೋಟೋ ತೆಗೆಯದ ಒಂದು ವಸ್ತು. ನೆಲಮಹಡಿಯ ಒಂದು ಮನೆಯ ಕಿಟಕಿಯಿಂದ ಬಾಗಿಲ ಚೌಕಟ್ಟು ಕಾಣುತ್ತಿತ್ತು, ಅದರ ಮೇಲೆ ಪೆನ್ಸಿಲ್ ಗೀಟುಗಳು. ಮಗುವಿನ ಎತ್ತರ ಗುರುತು ಹಾಕಿದ್ದು. ಕೊನೆಯ ಗೀಟು ನನ್ನ ಸೊಂಟಕ್ಕೂ ಬರುವಷ್ಟಿರಲಿಲ್ಲ.

ಆ ಹಳದಿ ಜಾಯಿಂಟ್ ವೀಲ್?

ಮೇ 1ರ ಕಾರ್ಮಿಕ ದಿನಕ್ಕೆ ಪಾರ್ಕ್ ಉದ್ಘಾಟನೆ ಆಗಬೇಕಿತ್ತು. ಐದು ದಿನ ಮುಂಚೆ ಅಪಘಾತ. ಎಲ್ಲರೂ ಪ್ರಿಪ್ಯಾತ್ ಅಂದರೆ ಇದನ್ನೇ ತೋರಿಸುತ್ತಾರೆ. ಹತ್ತಿರದಿಂದ ನೋಡಿದರೆ ಅಷ್ಟೇನೂ ದೊಡ್ಡದಲ್ಲ, ನಮ್ಮ ಜಾತ್ರೆಗಳಲ್ಲಿ ಇದಕ್ಕಿಂತ ಎತ್ತರದ್ದು ಬರುತ್ತವೆ. ಪಕ್ಕದ ಈಜುಕೊಳದ ಕಥೆ ಕಡಿಮೆ ಜನಕ್ಕೆ ಗೊತ್ತು. ಅಪಘಾತದ ಮೇಲೆ ವಿಕಿರಣದ ಕೊಳೆ ತೆಗೆಯುವ ಕೆಲಸಕ್ಕೆ ಬಂದವರು ಅದನ್ನು 1990ರ ದಶಕದ ಕೊನೆಯವರೆಗೂ ಬಳಸುತ್ತಿದ್ದರು. ಊರು ಖಾಲಿಯಾದ ಮೇಲೂ ಹತ್ತು ವರ್ಷಕ್ಕಿಂತ ಜಾಸ್ತಿ ಅಲ್ಲಿ ಜನ ಈಜಾಡಿದ್ದಾರೆ.

ಬೇರೆ ಏನು ನೋಡಿದಿರಿ?

ದುಗಾ. ಕಾಡಿನ ಮಧ್ಯೆ ಸುಮಾರು 150 ಮೀಟರ್ ಎತ್ತರ, ಅರ್ಧ ಕಿಲೋಮೀಟರಿಗೂ ಉದ್ದದ ಕಬ್ಬಿಣದ ಗೋಡೆ. ಅಮೆರಿಕದ ಕ್ಷಿಪಣಿ ಹಾರಿದರೆ ಮೊದಲೇ ಹಿಡಿಯಲು ಕಟ್ಟಿದ ರೇಡಾರ್. ನಕಾಶೆಯಲ್ಲಿ ಅದನ್ನು ಮಕ್ಕಳ ಬೇಸಿಗೆ ಶಿಬಿರ ಅಂತ ತೋರಿಸಿದ್ದರಂತೆ. ಅದು ಕೆಲಸ ಮಾಡುವಾಗ ಪ್ರಪಂಚದ ಶಾರ್ಟ್‌ವೇವ್ ರೇಡಿಯೋಗಳಲ್ಲೆಲ್ಲ ಟಕ್ ಟಕ್ ಟಕ್ ಅಂತ ಕೇಳುತ್ತಿತ್ತು, ಅದಕ್ಕೇ ರಷ್ಯದ ಮರಕುಟಿಗ ಅಂತ ಅಡ್ಡಹೆಸರು. ಗಾಳಿ ಬೀಸಿದಾಗ ತಂತಿಗಳು ಗುಂಯ್‌ಗುಡುತ್ತವೆ. ನನಗೆ ರಿಯಾಕ್ಟರಿಗಿಂತ ಅದೇ ಜಾಸ್ತಿ ಹೆದರಿಸಿತು.

ರಿಯಾಕ್ಟರ್ ಈಗ ಕಾಣುವುದೇ ಇಲ್ಲ. 1986ರಲ್ಲೇ ತರಾತುರಿಯಲ್ಲಿ ಕಟ್ಟಿದ ಕಾಂಕ್ರೀಟ್ ಗೋರಿಯ ಮೇಲೆ, 2016ರಲ್ಲಿ 108 ಮೀಟರ್ ಎತ್ತರದ ಉಕ್ಕಿನ ಕಮಾನನ್ನು ಹಳಿಯ ಮೇಲೆ ಜಾರಿಸಿ ತಂದು ಮುಚ್ಚಿದರು. ನೂರು ವರ್ಷ ಬಾಳಬೇಕು ಅಂತ ಕಟ್ಟಿದ್ದು. 2025ರ ಫೆಬ್ರವರಿ 14ರಂದು ಡ್ರೋನ್ ಒಂದು ಬಡಿದು ಅದರಲ್ಲೂ ತೂತಾಯಿತು.

ಪ್ರಾಣಿಗಳಿಗೆ ಎರಡು ತಲೆ ಇರುತ್ತಾ?

ಇಲ್ಲ ಮಾರಾಯ್ರೆ. ಒಂದೇ ತಲೆ. ತೋಳ, ಕಡವೆಯಂಥ ದೊಡ್ಡ ಎಲ್ಕ್‌ಗಳು, ಲಿಂಕ್ಸ್ ಎಲ್ಲ ಅಲ್ಲಿ ಚೆನ್ನಾಗಿವೆ. 1998ರಲ್ಲಿ ಪ್ರೆಜ್ವಾಲ್‌ಸ್ಕಿ ಅನ್ನುವ ಅಪರೂಪದ ಕಾಡುಕುದುರೆಗಳನ್ನು ತಂದು ಬಿಟ್ಟರು, ಅವೂ ಹೆಚ್ಚಿವೆ. ವಿಕಿರಣದಿಂದ ಪ್ರಾಣಿಗಳಿಗೆ ಏನೂ ತೊಂದರೆ ಇಲ್ಲ ಅಂತಲ್ಲ, ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರೆ. ಮನುಷ್ಯ ಜಾಗ ಖಾಲಿ ಮಾಡಿದ್ದು ಅವಕ್ಕೆ ಅದಕ್ಕಿಂತ ದೊಡ್ಡ ಲಾಭ ಆಗಿದೆ ಅಷ್ಟೇ. ನಾಯಿಗಳು ಬೇಕಾದಷ್ಟಿವೆ. ಬಹುಪಾಲು ಅಂದು ಬಿಟ್ಟುಹೋದ ಸಾಕುನಾಯಿಗಳ ಮರಿಮೊಮ್ಮಕ್ಕಳು. ಬಾಲ ಅಲ್ಲಾಡಿಸಿಕೊಂಡು ಬರುತ್ತವೆ. ಮುಟ್ಟಬೇಡಿ ಅನ್ನುತ್ತಾರೆ, ಅದೊಂದು ನಿಯಮ ಪಾಲಿಸುವುದು ಬಹಳ ಕಷ್ಟ.

ಅಲ್ಲಿ ಯಾರೂ ವಾಸ ಇಲ್ವಾ?

ಇದ್ದಾರೆ. ಚೆರ್ನೋಬಿಲ್ ಪಟ್ಟಣದಲ್ಲಿ ಕಾವಲುಗಾರರು, ಅರಣ್ಯದವರು ಪಾಳಿಯಲ್ಲಿ ಬಂದು ಇರುತ್ತಾರೆ. ಸ್ಥಾವರದ ಕೆಲಸಗಾರರಿಗೆ ಅಪಘಾತದ ನಂತರ ಝೋನ್ ಹೊರಗೆ ಸ್ಲಾವುತಿಚ್ ಅನ್ನುವ ಹೊಸ ಊರನ್ನೇ ಕಟ್ಟಿದರು. ಉಳಿದ ರಿಯಾಕ್ಟರುಗಳು ಕರೆಂಟ್ ಕೊಡುತ್ತಲೇ ಇದ್ದವು, ಕೊನೆಯದು ನಿಂತದ್ದು 2000ದ ಡಿಸೆಂಬರ್‌ನಲ್ಲಿ.

ಇನ್ನು 'ಸಮೊಸೆಲಿ'. ತಾವಾಗಿಯೇ ವಾಪಸ್ ಬಂದು ನೆಲೆಸಿದವರು ಅಂತ ಅರ್ಥ. ಸಾವಿರಕ್ಕೂ ಜಾಸ್ತಿ ಜನ ಹೀಗೆ ಕಾಡುದಾರಿಯಲ್ಲಿ ತಮ್ಮ ಹಳ್ಳಿಗಳಿಗೆ ಮರಳಿದ್ದರು. ನಾನು ಹೋದಾಗ ಉಳಿದವರು ಕೆಲವೇ ಮಂದಿ, ಹೆಚ್ಚಿನವರು ಮುದುಕಿಯರು. ಆಲೂಗಡ್ಡೆ ಬೆಳೆದುಕೊಂಡು, ಕೋಳಿ ಸಾಕಿಕೊಂಡು ಇದ್ದರು. ಸರ್ಕಾರವೂ ಕೊನೆಗೆ ಕಣ್ಣುಮುಚ್ಚಿ ಸುಮ್ಮನಾಯಿತು. ಈಸ್ಟರ್ ಆದ ಮೇಲೆ ಹಿರಿಯರ ಸಮಾಧಿಗೆ ಎಡೆ ಇಡುವ ದಿನ ಒಂದು ಬರುತ್ತದೆ. ಆಗ ಹಳೆಯ ಊರಿನವರನ್ನು ಒಳಗೆ ಬಿಡುತ್ತಿದ್ದರು. ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ ಅಂದುಕೊಳ್ಳಿ.

ಕದ್ದು ನುಗ್ಗುವವರ ಬಗ್ಗೆ ಕೇಳಿದ್ದೇವೆ.

ಅವರಿಗೆ 'ಸ್ಟಾಲ್ಕರ್' ಅನ್ನುತ್ತಾರೆ. ತಂತಿಬೇಲಿಯಡಿ ನುಸುಳಿ, ರಾತ್ರಿ ಕಾಡಿನಲ್ಲಿ ನಡೆದು ಪ್ರಿಪ್ಯಾತ್ ಸೇರುವ ಹುಡುಗರು. ಹಾದಿಯಲ್ಲಿ ಕೆರೆಯ ನೀರು ಕುಡಿಯುತ್ತಾರೆ, ಪಾಳು ಮನೆಯಲ್ಲಿ ಮಲಗುತ್ತಾರೆ. ಸಿಕ್ಕಿಬಿದ್ದರೆ ದಂಡ. ಅವರಲ್ಲಿ ಕೆಲವರು ಊರನ್ನು ನಿಜಕ್ಕೂ ಪ್ರೀತಿಸುತ್ತಾರೆ, ಕಸ ಹೆಕ್ಕುತ್ತಾರೆ, ಸೋರುವ ಛಾವಣಿಗೆ ತೇಪೆ ಹಾಕಿದವರೂ ಇದ್ದಾರೆ. ಆದರೂ ಅದು ಹುಚ್ಚು ಸಾಹಸವೇ. ಈಗಂತೂ ನೆಲಬಾಂಬು ಇರುವ ಕಾಡು.

ನಮ್ಮ ಕೈಗಾದಲ್ಲಿ ಹೀಗಾಗಬಹುದಾ?

ಹಾಗೆಯೇ ಆಗುವುದು ಸಾಧ್ಯವಿಲ್ಲ, ಯಾಕೆಂದರೆ ಯಂತ್ರವೇ ಬೇರೆ. ಕೈಗಾದ ರಿಯಾಕ್ಟರುಗಳು ಭಾರಜಲದವು, ಉರಿಯುವ ಗ್ರಾಫೈಟ್ ರಾಶಿ ಇಲ್ಲ. ಸುತ್ತ ಗಟ್ಟಿ ಕಾಂಕ್ರೀಟ್ ಗುಮ್ಮಟ ಇದೆ. ಚೆರ್ನೋಬಿಲ್‌ಗೆ ಅಂಥ ಗುಮ್ಮಟವೇ ಇರಲಿಲ್ಲ. ಹಾಗಂತ ಅಪಾಯ ಸೊನ್ನೆ ಅಂತ ನಾನು ಹೇಳಲ್ಲ. 1994ರಲ್ಲಿ ಕಟ್ಟುತ್ತಿರುವಾಗಲೇ ಕೈಗಾದ ಒಂದು ಗುಮ್ಮಟದ ಒಳಪದರ ಕಳಚಿಬಿದ್ದದ್ದು ಹಲವರಿಗೆ ನೆನಪಿರಬಹುದು. ಶಿವರಾಮ ಕಾರಂತರು ಕೈಗಾ ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತರು, ಸೋತರು. ಆಗ ಅವರಿಗೆ 87 ವರ್ಷ.

ಝೋನ್ ಮುಚ್ಚಿದೆ. ಬೇರೆಲ್ಲಿ ನೋಡಬಹುದು?

ಜಪಾನಿನ ಫುಕುಶಿಮಾ. 2011ರ ಸುನಾಮಿಯ ಜೊತೆ ಆದ ಅಣು ಸ್ಥಾವರದ ಅಪಘಾತ. ಅಲ್ಲಿ ಊರುಗಳನ್ನು ತೊಳೆದು, ಮೇಲ್ಮಣ್ಣು ಕೆತ್ತಿ ತೆಗೆದು, ಒಂದೊಂದೇ ತೆರೆಯುತ್ತಿದ್ದಾರೆ. ಫುತಾಬಾದಲ್ಲಿ ಒಂದು ಮ್ಯೂಸಿಯಂ ಇದೆ, ರೈಲಿನಲ್ಲೇ ಹೋಗಬಹುದು. ನಾಮಿಯೆಯಲ್ಲಿ ಸುನಾಮಿ ಹೊಡೆದ ಉಕೆದೊ ಶಾಲೆಯನ್ನು ಹಾಗೇ ಉಳಿಸಿ ತೋರಿಸುತ್ತಾರೆ. ಆ ಶಾಲೆಯ ಮಕ್ಕಳೆಲ್ಲ ಗುಡ್ಡಕ್ಕೆ ಓಡಿ ಉಳಿದರು.

ಪ್ರಿಪ್ಯಾತ್‌ಗೆ ಜನ ಯಾವಾಗ ವಾಪಸ್ ಹೋಗಬಹುದು?

ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. 2016ಕ್ಕೆ ಮೊದಲ ಅರ್ಧ ಮುಗಿಯಿತು. ಪ್ಲುಟೋನಿಯಂ-239ಕ್ಕೆ ಬೇಕಾದದ್ದು 24,000 ವರ್ಷ. ಅಷ್ಟರಲ್ಲಿ ಕಟ್ಟಡಗಳು ಬಿದ್ದುಹೋಗಿರುತ್ತವೆ. ಮುಖ್ಯ ಚೌಕದಲ್ಲಿ ಈಗಲೇ ಮರಗಳು ನಾಲ್ಕು ಮಹಡಿ ಎತ್ತರ.

ವಾಪಸ್ ಬಂದು ಆ ಶೂ ಏನು ಮಾಡಿದಿರಿ?

ತೊಳೆದೆ. ಇನ್ನೂ ಹಾಕುತ್ತೇನೆ. ಅಮ್ಮ ಮಾತ್ರ ಒಂದು ವರ್ಷ ಅದನ್ನು ಮನೆಯೊಳಗೆ ಬಿಡಲಿಲ್ಲ.

ಯಾರೂ ಕೇಳದ ಪ್ರಶ್ನೆ ಏನಾದರೂ ಇದೆಯಾ?

ಇದೆ, ಅಮ್ಮ ಕೇಳಿದ್ದು. ಅವಳ ತವರು ಶರಾವತಿ ಮುಳುಗಡೆಯಲ್ಲಿ ಹೋದ ಊರು. ಲಿಂಗನಮಕ್ಕಿ ತುಂಬಿದಾಗ ಅವಳಿಗೆ ಹನ್ನೆರಡು ವರ್ಷ. ನನ್ನ ಫೋಟೋಗಳನ್ನೆಲ್ಲ ನೋಡಿ ಮುಗಿಸಿ, ರೇಡಿಯೇಷನ್ ಬಗ್ಗೆ ಒಂದು ಮಾತೂ ಎತ್ತದೆ, "ಸಾಮಾನು ಕಟ್ಕೊಳ್ಳೋಕೆ ಅವರಿಗೆ ಎಷ್ಟು ಹೊತ್ತು ಕೊಟ್ರು?" ಅಂದಳು.

ಅಪಘಾತದ ಮರುದಿನ, ಏಪ್ರಿಲ್ 27, ಭಾನುವಾರ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಊರಿನ ರೇಡಿಯೋದಲ್ಲಿ ಹೇಳಿದರು. ಎರಡು ಗಂಟೆಗೆ ಮನೆ ಮುಂದೆ ಬಸ್ಸು, ಒಟ್ಟು ಸುಮಾರು 1,200 ಬಸ್ಸು. ಕಾಗದಪತ್ರ, ಸ್ವಲ್ಪ ತಿಂಡಿ ತಗೊಳ್ಳಿ, ಮೂರು ದಿನಕ್ಕೆ ಆಗುವಷ್ಟು ಸಾಕು ಅಂದಿದ್ದರು. ಒಂದು ಗಂಟೆಯೂ ಇಲ್ಲ ಅಂದೆ.

ಅಮ್ಮ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡೇ ಇದ್ದಳು. ಆ ಪೆನ್ಸಿಲ್ ಗೀಟಿನ ಬಾಗಿಲಿನ ಫೋಟೋ ಅದು. "ನಾವು ಬಾಗಿಲನ್ನ ಕಿತ್ಕೊಂಡೇ ಬಂದಿದ್ವಿ" ಅಂದಳು.